ಸೆರೆಗೆ ಇಟ್ಟ ಹೆಸರುಗಳು

ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕುವ ಕ್ರಿಯೆ ಎಲ್ಲ ಕಾಲದಲ್ಲೂ ಒಂದೇ ಆಗಿದ್ದರೂ ಅದರ ಹೆಸರುಗಳು ಬದಲಾಗುತ್ತ ಬಂದಿವೆ. ಇಂಗ್ಲಿಷಿನಲ್ಲಿ ಇಂಥ ಹೆಸರುಗಳು ಹೇರಳವಾಗಿದ್ದು, ಪ್ರಿಸನ್, ಜೈಲ್, ಪೆನಿಟೆನ್ಷರಿ, ಕಸ್ಟಡಿ, ಇಂಟರ್ನ್‌ಮೆಂಟ್, ಕರೆಕ್ಷನಲ್ ಫೆಸಿಲಿಟಿ ಮುಂತಾದವನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಕೂರಿಸುವುದು ವಾಡಿಕೆ. ಇವುಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಕೆಲವು ಪದಗಳು ನ್ಯಾಯಕ್ಕೆ ಅಗತ್ಯವಾದ ಭೇದವೊಂದನ್ನು ತೋರಿಸುತ್ತವೆ, ಮತ್ತೆ ಕೆಲವು ನಡೆಯುತ್ತಿರುವುದನ್ನು ಮರೆಮಾಡುತ್ತವೆ ಎಂಬುದು ತಿಳಿಯುತ್ತದೆ. ಮೊದಲನೆಯ ಬಗೆಯವನ್ನು ಉಳಿಸಿಕೊಳ್ಳಬೇಕು, ಎರಡನೆಯ ಬಗೆಯವನ್ನು ಒರೆಗೆ ಹಚ್ಚದೆ ಒಪ್ಪಬಾರದು.

ಹಳೆಯ ಪದಗಳು ಮಾಡಿದ ಕೆಲಸವನ್ನು ಮುಚ್ಚಿಡುತ್ತಿರಲಿಲ್ಲ. 'ಪ್ರಿಸನ್' ಎಂಬುದು ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಅದರ ಲ್ಯಾಟಿನ್ ಮೂಲಕ್ಕೆ ಹಿಡಿಯುವುದು ಎಂದು ಅರ್ಥ. 'ಜೈಲ್' ಎಂಬುದರ ಮೂಲ ಲ್ಯಾಟಿನ್ನಿನ 'ಕವೆಯೊಲಾ', ಅಂದರೆ ಪುಟ್ಟ ಪಂಜರ. ಈ ಪದ ನಾರ್ಮನ್ನರ ಉಚ್ಚಾರಣೆಯಿಂದ ಒಂದು ಕಾಗುಣಿತವನ್ನೂ ಪ್ಯಾರಿಸ್ ಕಡೆಯ ಉಚ್ಚಾರಣೆಯಿಂದ ಇನ್ನೊಂದನ್ನೂ ಪಡೆದು ಇಂಗ್ಲಿಷಿನಲ್ಲಿ ಎರಡಾಗಿ ಉಳಿಯಿತು. ಬ್ರಿಟನ್ ಬಹುಕಾಲ ಮೊದಲನೆಯದನ್ನು ಹಿಡಿದುಕೊಂಡರೆ ಅಮೆರಿಕ ಎರಡನೆಯದನ್ನು ನೆಚ್ಚಿತು. ಬರೆಯುವ ರೀತಿ ಯಾವುದಾದರೂ ಪದದೊಳಗಿನ ಪಂಜರ ಪಂಜರವಾಗಿಯೇ ಇತ್ತು.

ಭಾಷೆಯ ಬಳಕೆಯಲ್ಲಿ ಹುಟ್ಟಿದ ಭೇದಗಳೂ ಅರ್ಥಪೂರ್ಣವಾಗಿವೆ. ಅಮೆರಿಕದಲ್ಲಿ ಜೈಲ್ ಎಂದರೆ ಸಾಮಾನ್ಯವಾಗಿ ಸ್ಥಳೀಯ ಆಡಳಿತ ನಡೆಸುವ, ವಿಚಾರಣೆಗೆ ಕಾದಿರುವವರನ್ನೂ ಒಂದು ವರ್ಷದೊಳಗಿನ ಶಿಕ್ಷೆ ಪಡೆದವರನ್ನೂ ಇಡುವ ಸ್ಥಳ. ಪ್ರಿಸನ್ ಎಂದರೆ ಅದಕ್ಕಿಂತ ದೀರ್ಘ ಶಿಕ್ಷೆ ಪಡೆದವರಿಗಾಗಿ ರಾಜ್ಯವೋ ಒಕ್ಕೂಟ ಸರ್ಕಾರವೋ ನಡೆಸುವ ಸಂಸ್ಥೆ. ಅಪರಾಧ ಸಾಬೀತಾಗದವನನ್ನು ಸಾಬೀತಾದವನಿಂದ ಬೇರ್ಪಡಿಸಲು ಈ ಭೇದ ಬಹುಮಟ್ಟಿಗೆ ನೆರವಾಗುತ್ತದೆ. ವ್ಯಾಕರಣದಲ್ಲಿಯೂ ಇಂಥದೇ ಸೂಕ್ಷ್ಮವಿದೆ: 'ಟು ಪ್ರಿಸನ್' ಹೋದವನು ಕೈದಿ, 'ಟು ದ ಪ್ರಿಸನ್' ಹೋದವನು ಸಂಜೆಗೆ ಮನೆಗೆ ಮರಳುವ ವಕೀಲನೋ ಬಂಧುವೋ ಆಗಿರಬಹುದು. ಇಂಗ್ಲಿಷ್ ಒಂದು ಪುಟ್ಟ ಉಪಪದದಿಂದ ಸಾಧಿಸುವ ಈ ವ್ಯತ್ಯಾಸವನ್ನು ಕನ್ನಡ ಕ್ರಿಯಾಪದದಿಂದ ಸಾಧಿಸುತ್ತದೆ. ಜೈಲಿಗೆ ಹೋಗಿ ಬಂದವನೂ ಜೈಲು ಪಾಲಾದವನೂ ಒಬ್ಬನೇ ಅಲ್ಲ.

ಹೆಸರು, ಮಾಡಿದ ಕೆಲಸವನ್ನು ಬಿಟ್ಟು, ಮಾಡುವವರ ಉದ್ದೇಶವನ್ನು ಹೇಳತೊಡಗಿದಾಗ ತೊಡಕು ಆರಂಭವಾಯಿತು. ಪಶ್ಚಾತ್ತಾಪದ ಸ್ಥಳ ಎಂಬರ್ಥದ 'ಪೆನಿಟೆನ್ಷರಿ' 1779ರ ಬ್ರಿಟಿಷ್ ಕಾಯ್ದೆಯ ಹೆಸರಿನಲ್ಲಿಯೇ ಇತ್ತು. 1829ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷರಿಯಲ್ಲಿ, ಏಕಾಂತ ಮತ್ತು ಮೌನಗಳಿಂದ ಆತ್ಮಶೋಧನೆ ಆಗುವುದೆಂಬ ಪ್ರಾಮಾಣಿಕ ನಂಬಿಕೆಯಿಂದ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಇಡಲಾಯಿತು. 1842ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಚಾರ್ಲ್ಸ್ ಡಿಕನ್ಸ್, ಮನಸ್ಸಿನ ಮೇಲೆ ನಡೆಯುವ ಈ ಹಿಂಸೆ ದೇಹಹಿಂಸೆಗಿಂತ ಘೋರವಾದುದೆಂದು ಖಂಡಿಸಿದನು. ಪಶ್ಚಾತ್ತಾಪವೆಂಬ ಪವಿತ್ರ ಪದವೇ, ಒಳಗಿನ ಸಂಕಟ ಹೊರಗಿನವರಿಗೆ ಕಾಣದಂತೆ ಮಾಡಿತ್ತು.

ಮುಂದಿನ ಶತಮಾನದಲ್ಲಿ 'ತಿದ್ದುವಿಕೆ' ಎಂಬರ್ಥದ ಕರೆಕ್ಷನ್ ಆ ಸ್ಥಾನಕ್ಕೆ ಬಂದಿತು. ಅಮೆರಿಕನ್ ಪ್ರಿಸನ್ ಅಸೋಸಿಯೇಷನ್ 1954ರಲ್ಲಿ ತನ್ನ ಹೆಸರಿನ ಪ್ರಿಸನ್ ಪದವನ್ನು ಕರೆಕ್ಷನಲ್ ಎಂದು ಬದಲಿಸಿಕೊಂಡಿತು. ನ್ಯೂಯಾರ್ಕ್ ರಾಜ್ಯ 1970ರಲ್ಲಿ ತನ್ನ ಸೆರೆಮನೆಗಳಿಗೆ ಕರೆಕ್ಷನಲ್ ಫೆಸಿಲಿಟಿ ಎಂದು ಹೆಸರಿಟ್ಟಿತು. ಅಟಿಕಾ ಸೆರೆಮನೆಯ ಹೆಸರೂ ಹಾಗೆಯೇ ಬದಲಾಯಿತು. ಆದರೆ ಒಳಗಿದ್ದವರಿಗೆ ಆಗಲೂ ದೊರೆಯುತ್ತಿದ್ದದ್ದು ವಾರಕ್ಕೊಂದು ಸ್ನಾನ. 1971ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಬಂಡಾಯ ಮತ್ತು ಅದರ ದಮನದಲ್ಲಿ ಕೈದಿಗಳೂ ನೌಕರರೂ ಸೇರಿ 43 ಮಂದಿ ಪ್ರಾಣ ಕಳೆದುಕೊಂಡರು. ಹೆಸರನ್ನು ತಿದ್ದಿದ ಮಾತ್ರಕ್ಕೆ ವ್ಯವಸ್ಥೆ ತಿದ್ದಿಕೊಳ್ಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ.

ಮರೆಮಾಡುವ ಪದಗಳ ಪರಮಾವಧಿಯನ್ನು 1942ರ ಅಮೆರಿಕದಲ್ಲಿ ಕಾಣಬಹುದು. ಅಧ್ಯಕ್ಷೀಯ ಆದೇಶ 9066ರ ಪರಿಣಾಮವಾಗಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಬೇಲಿಯೊಳಗೆ ಇಡಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಅವರನ್ನು ಎಬ್ಬಿಸಿದ ಕಾರ್ಯಕ್ಕೆ ಸರ್ಕಾರ 'ತೆರವು' ಎಂಬ ಹೆಸರನ್ನೂ ಶಿಬಿರಗಳಿಗೆ 'ಪುನರ್ವಸತಿ ಕೇಂದ್ರ' ಎಂಬಂಥ ಹೆಸರನ್ನೂ ಬಳಸಿತು. ಅನಂತರ ಪ್ರಚಾರಕ್ಕೆ ಬಂದ 'ಇಂಟರ್ನ್‌ಮೆಂಟ್' ಕೂಡ ಪೂರ್ತಿ ಸರಿಯಾದುದಲ್ಲ, ಏಕೆಂದರೆ ಕಾನೂನಿನಲ್ಲಿ ಅದು ಶತ್ರುದೇಶದ ಪ್ರಜೆಗಳನ್ನು ಯುದ್ಧಕಾಲದಲ್ಲಿ ಬಂಧಿಸುವುದಕ್ಕೆ ಸಲ್ಲುವ ಪದ. ಅದನ್ನು ಸ್ವಂತ ಪ್ರಜೆಗಳಿಗೆ ಬಳಸಿದರೆ ಅವರನ್ನು ಪರಕೀಯರೆಂದು ಒಪ್ಪಿಕೊಂಡಂತಾಗುತ್ತದೆ. ಈ ಕಾರಣದಿಂದಲೇ ಇಂದಿನ ಅನೇಕ ವಿದ್ವಾಂಸರು ನೇರವಾಗಿ ಸೆರೆ ಎಂಬರ್ಥದ 'ಇನ್‌ಕಾರ್ಸರೇಷನ್' ಪದವನ್ನು ಆರಿಸಿಕೊಳ್ಳುತ್ತಾರೆ. 1988ರಲ್ಲಿ ಆ ದೇಶ ಕಾಯ್ದೆಯ ಮೂಲಕ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ನೀಡಿತು.

ಮೃದುವಾದ ಹೆಸರು ಕಳಂಕವನ್ನು ತಗ್ಗಿಸಿ, ಸುಧಾರಣೆಯ ಹೊಣೆಯನ್ನು ಅಧಿಕಾರಿಗಳಿಗೆ ನೆನಪಿಸುತ್ತದೆ ಎಂಬ ಪ್ರತಿವಾದವಿದೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು, ಏಕೆಂದರೆ ಹೊಸ ಹೆಸರಿನ ಜೊತೆಗೆ ಶಾಲೆ, ವೈದ್ಯ, ವಕೀಲ, ಕೂಲಿ ಸಿಗುವ ದುಡಿಮೆ ಬಂದರೆ ಆ ಹೆಸರು ಸಾರ್ಥಕವೇ ಸರಿ. ಆದರೆ ಹಳೆಯ ಪದವನ್ನು ಅಳಿಸಿದಾಗ, ಬೀಗ ಹಾಕಿದವರು ಯಾರು, ಯಾವ ಅಧಿಕಾರದಿಂದ, ಎಷ್ಟು ಕಾಲಕ್ಕೆ ಎಂಬ ಪ್ರಶ್ನೆಗಳೂ ಅಳಿಸಿಹೋಗುವ ಅಪಾಯವಿದೆ. ಭಾರತದಲ್ಲಿ 1894ರ ಕಾಯ್ದೆಯ ಬದಲಿಗೆ ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರೂಪಿಸಿದ ಮಾದರಿ ಕಾಯ್ದೆ 'ಕಾರಾಗೃಹ' ಮತ್ತು 'ಸುಧಾರಣಾ ಸೇವೆ' ಎರಡನ್ನೂ ಹೆಸರಿನಲ್ಲಿ ಇಟ್ಟುಕೊಂಡಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಒಂದು ಪದ ನಡೆಯುವುದನ್ನು ಹೇಳಿದರೆ ಇನ್ನೊಂದು ಪದ ಸಲ್ಲಬೇಕಾದ ಬಾಕಿಯನ್ನು ಹೇಳುತ್ತದೆ. ಕನ್ನಡದಲ್ಲಿ ಸಜಾ ಕೈದಿ, ವಿಚಾರಣಾಧೀನ ಕೈದಿ ಎಂಬ ಭೇದವನ್ನು ಬರೆಯುವವರು ಸಡಿಲಗೊಳಿಸದೆ ಕಾಯುವುದು ಅಷ್ಟೇ ಮುಖ್ಯ, ಏಕೆಂದರೆ ತೀರ್ಪಿಗೆ ಮುನ್ನವೇ ಬರಿಯ ಕೈದಿ ಎನಿಸಿಕೊಂಡವನಿಗೆ ನ್ಯಾಯಾಲಯ ವಿಧಿಸದ ಶಿಕ್ಷೆಯನ್ನು ಭಾಷೆಯೇ ವಿಧಿಸಿದಂತಾಗುತ್ತದೆ.