ಜಗಲಿಯ ಮಾತು: ಚೊಗರಿನ ರುಚಿ



ಮೂವತ್ತನಾಲ್ಕು ವರುಷ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ಉಪಾಧ್ಯಾಯನೊಬ್ಬನು ಬಿಯರು ಮತ್ತು ಕೆಂಪು ವೈನುಗಳ ರುಚಿಯನ್ನು ಕುರಿತು ಬರೆಯಹೊರಟಿರುವನೆಂದರೆ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವಿರಿ. ಕೆಲವರು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ಓದುವಿರಿ. ಗಾಬರಿಪಡಬೇಕಾದುದಿಲ್ಲ. ಬಿಯರನ್ನು ನಾನು ಜನ್ಮದಲ್ಲಿ ಒಮ್ಮೆ ಕುಡಿದಿರುವೆನು. ವೈನನ್ನು ಒಂದು ಉದ್ಧರಣೆಯಷ್ಟು ನಾಲಗೆಗೆ ಸೋಕಿಸಿರುವೆನು. ಇಷ್ಟೇ ನನ್ನ ಅನುಭವಸಂಪತ್ತು. ಆದರೆ ಆ ಒಂದು ಉದ್ಧರಣೆಯು ನನಗೆ ಕಲಿಸಿದ ಪಾಠವನ್ನು ನಾನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲವಾದಕಾರಣ ಅದನ್ನು ನಿಮ್ಮ ಮುಂದಿಡುತ್ತೇನೆ.

ಕಳೆದ ಆಷಾಢದ ಒಂದು ಸಂಜೆ. ಅರಬೈಲು ಘಟ್ಟದ ಕಡೆಯಿಂದ ಮಳೆಯು ಸುಂಕಸಾಳದ ತೋಟಗಳ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಲಾರಿಗಳು ದೀಪ ಹಚ್ಚಿಕೊಂಡು ತೆವಳುತ್ತಿದ್ದವು. ಬೆಂಗಳೂರಿನಿಂದ ರಜೆಯ ಮೇಲೆ ಬಂದಿದ್ದ ನನ್ನ ಮಗನು ಜಗಲಿಯಲ್ಲಿ ನನ್ನೆದುರು ಕುಳಿತು, ಚೀಲದಿಂದ ಒಂದು ಕಪ್ಪು ಸೀಸೆಯನ್ನು ತೆಗೆದು ಮಣೆಯ ಮೇಲಿಟ್ಟನು.

"ಅಪ್ಪಾ, ಇದು ನಂದಿಬೆಟ್ಟದ ಸೀಮೆಯ ದ್ರಾಕ್ಷಿಯ ವೈನು. ನಿಮಗೆ ಕುಡಿಸಬೇಕೆಂದು ತಂದದ್ದಲ್ಲ. ವಾರಕ್ಕೊಮ್ಮೆ ನಾನೂ ನಿಮ್ಮ ಸೊಸೆಯೂ ಊಟದೊಡನೆ ಒಂದೊಂದು ಲೋಟ ಕುಡಿಯುತ್ತೇವೆ. ನಿಮ್ಮಿಂದ ಮುಚ್ಚಿಟ್ಟುಕೊಂಡಿರಲಿಕ್ಕೆ ಮನಸ್ಸಾಗಲಿಲ್ಲ" ಎಂದನು.

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆಯು ಏನೂ ಅನ್ನದೆ ದೇವರ ದೀಪ ಹಚ್ಚಲು ಒಳಗೆ ಹೋದಳು. ನನಗೆ ಸಿಟ್ಟು ಬಂದಿತು. ಉಪಾಧ್ಯಾಯನ ಸಿಟ್ಟು ಸಾಮಾನ್ಯವಾಗಿ ಪಾಂಡಿತ್ಯದ ವೇಷವನ್ನು ಧರಿಸಿ ಹೊರಗೆ ಬರುವದು. ಸುರಾಪಾನವನ್ನು ಮನುವು ಮಹಾಪಾತಕಗಳಲ್ಲಿ ಎಣಿಸಿರುವನೆಂದು ಪ್ರಾರಂಭಿಸಿದೆನು.

ಮಗನು ನನ್ನ ಕೈಯಲ್ಲಿಯೇ ಅಮರಕೋಶವನ್ನು ಕಂಠಪಾಠ ಮಾಡಿದವನು. "ಅದೇ ಸಂಸ್ಕೃತದಲ್ಲಿ ಮದ್ಯಕ್ಕೆ ಎಷ್ಟು ಹೆಸರುಗಳಿವೆ ಅಪ್ಪಾ?" ಎಂದು ವಿನಯದಿಂದಲೇ ಕೇಳಿದನು. ನಾನೇನು ಹೇಳಲಿ? ಸುರಾ, ಹಾಲಾ, ಪ್ರಸನ್ನಾ, ಕಾದಂಬರೀ, ಮದಿರಾ ಎಂದು ಅಮರಸಿಂಹನು ಸಾಲಾಗಿ ಹೇಳುತ್ತಾನೆ. ಬಲರಾಮನಿಗೆ ಪ್ರಿಯವಾದುದರಿಂದ ಹಲಿಪ್ರಿಯಾ, ಸಮುದ್ರಮಥನದಲ್ಲಿ ಹುಟ್ಟಿದುದರಿಂದ ವರುಣಾತ್ಮಜಾ. ಕುಡಿಯುವಾಗ ನಂಚಿಕೊಳ್ಳುವ ತಿನಿಸಿಗೂ ಅವದಂಶವೆಂಬ ಪ್ರತ್ಯೇಕ ಶಬ್ದವನ್ನು ಕೊಡಲು ಆತನು ಮರೆಯಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆ ಒಂದು ಅಧ್ಯಾಯವೇ ಮೀಸಲು; ದ್ರಾಕ್ಷಿಯ ರಸದಿಂದಾದುದಕ್ಕೆ ಅಲ್ಲಿ ಮಧುವೆಂದು ಹೆಸರು. ಚರಕಸಂಹಿತೆಯು ಎಂಬತ್ತನಾಲ್ಕು ಆಸವಗಳನ್ನು ಲೆಕ್ಕಹಾಕುವದು. ನಮ್ಮ ಕನ್ನಡನಾಡಿನ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನೀರಿನ ಭೋಗವೂ ಉಂಟು, ಪಾನಕದ ಭೋಗವೂ ಉಂಟು, ಮದಿರಾಪಾನದ ಕ್ರೀಡೆಯೂ ಉಂಟು.

ಅಷ್ಟರಲ್ಲಿ ಮಗನು ಎದ್ದು, ನಮ್ಮ ಕಪಾಟಿನಿಂದ ದ್ರಾಕ್ಷಾರಿಷ್ಟದ ಸೀಸೆಯನ್ನು ತಂದು ವೈನಿನ ಪಕ್ಕದಲ್ಲಿ ನಿಲ್ಲಿಸಿದನು. ಅದರ ಚೀಟಿಯ ಮೇಲೆ ಸ್ವಯಂಜನಿತ ಮದ್ಯಾಂಶವುಳ್ಳದ್ದೆಂದು ಸಣ್ಣಕ್ಷರದಲ್ಲಿ ಬರೆದಿತ್ತು. ಧಾತಕೀ ಹೂವಿನ ಬಲದಿಂದ ಹುದುಗೆದ್ದ ಅರಿಷ್ಟಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮದ್ಯಾಂಶವಿರುವದುಂಟು. ಸಾಮಾನ್ಯ ಬಿಯರಿನಲ್ಲಿ 5ರ ಆಸುಪಾಸು. ಊಟವಾದ ಮೇಲೆ ಎರಡು ಚಮಚೆ ಅರಿಷ್ಟವನ್ನು ಸೇವಿಸುವ ಸದ್ಗೃಹಸ್ಥನು ಈ ಲೆಕ್ಕವನ್ನು ಕೇಳಿ ಸ್ವಲ್ಪ ಮೆತ್ತಗಾಗುವದು ಸ್ವಾಭಾವಿಕವೇ ಅಲ್ಲವೆ? ಚಮಚೆಯ ಪ್ರಮಾಣಕ್ಕೂ ಲೋಟದ ಪ್ರಮಾಣಕ್ಕೂ ಅಂತರವಿದೆಯೆಂದು ವಾದಿಸಬಹುದಾಗಿತ್ತು. ಆದರೆ ನನ್ನ ದನಿಯು ತಗ್ಗಿತ್ತು.

ಬಿಯರಿನ ಕಥೆಯನ್ನು ಮೊದಲು ಮುಗಿಸುವೆನು. ನಾನು ಇಪ್ಪತ್ತೈದರ ತರುಣನಾಗಿದ್ದಾಗ ಕಾರವಾರದಲ್ಲಿ ಸಹೋದ್ಯೋಗಿ ಮಿತ್ರನೊಬ್ಬನ ಕೋಣೆಯಲ್ಲಿ ಅರ್ಧ ಲೋಟ ಕುಡಿದೆನು. ನೆಲಬೇವಿನ ಕಷಾಯವನ್ನು ಆರಿಸಿ ಅದಕ್ಕೆ ಸೋಡಾ ಬೆರೆಸಿದಂತೆ ತೋರಿತು. ಆ ಕಹಿಗೆ ಕಾರಣವನ್ನು ಅನಂತರ ಓದಿ ತಿಳಿದೆನು. ಜವೆಗೋಧಿಯನ್ನು ನೆನೆಹಾಕಿ ಮೊಳಕೆ ಬರಿಸಿ ಒಣಗಿಸುವರು. ಅದರ ಸಿಹಿಯಾದ ಗಂಜಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವುಗಳೊಡನೆ ಕುದಿಸುವರು. ಆಮೇಲೆ ಯೀಸ್ಟು ಹಾಕಿ ಹುದುಗೇಳಿಸುವರು. ಕಹಿಯು ಆ ಹೂವಿನದು. ಅದು ರುಚಿಯನ್ನು ಕೊಡುವದಲ್ಲದೆ ಪಾನೀಯವು ಬೇಗ ಕೆಡದಂತೆಯೂ ಕಾಯುವದು. ಬೆಂಗಳೂರಿನಲ್ಲಿ ಈ ಉದ್ಯಮವು ಬೆಳೆದದ್ದು ದಂಡಿನ ಬಿಳಿಯ ಸಿಪಾಯಿಗಳ ಬಾಯಾರಿಕೆಯಿಂದ. ಅಲ್ಲಿಯ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಹಲವು ಭಟ್ಟಿಗಳನ್ನು ಕೂಡಿಸಿ ಸ್ಥಾಪಿಸಿದನು. 1947ರಲ್ಲಿ ವಿಠ್ಠಲ ಮಲ್ಯರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾದರು. ಇಷ್ಟು ತಿಳಿದರೂ ಆ ಕಹಿಯು ನನಗೆ ಒಗ್ಗಲಿಲ್ಲ. ಕಹಿ ಬೇಕಾದರೆ ನನಗೆ ಹಾಗಲಕಾಯಿ ಸಾಕು.

ಈಗ ವೈನಿನ ಮಾತು. ಸಿಟ್ಟು ಇಳಿದ ಮೇಲೆ ಕುತೂಹಲವು ತಲೆಯೆತ್ತಿತು. ಒಂದು ಉದ್ಧರಣೆಯಷ್ಟನ್ನು ಚಮಚೆಯಲ್ಲಿ ಹಾಕಿಸಿಕೊಂಡೆನು. ಬಣ್ಣವನ್ನು ನೋಡಿದೊಡನೆ ನನಗೆ ಪರಿಚಯದ ಮುಖವನ್ನು ಕಂಡಂತಾಯಿತು. ಘಟ್ಟದ ಮೇಲೆ ಕೆಂಪಡಿಕೆಯನ್ನು ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಚೊಗರಿನ ಬಣ್ಣವದು. ನಾಲಗೆಯ ಮೇಲೆ ಇಟ್ಟಾಗ ರುಚಿಯೂ ಅದೇ ಜಾತಿಯದು: ಮೊದಲು ಹುಳಿ, ಹಿಂದೆಯೇ ನೇರಳೆಹಣ್ಣಿನಂತೆ ನಾಲಗೆಯನ್ನು ಹಿಡಿಯುವ ಒಗರು. ಷಡ್ರಸಗಳಲ್ಲಿ ಆರನೆಯದಾದ ಈ ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವದು. ಕೆಂಪು ವೈನನ್ನು ಮಾಡುವಾಗ ರಸವನ್ನು ಸಿಪ್ಪೆಯೊಡನೆಯೇ ಹುದುಗೇಳಿಸುವದರಿಂದ ಬಣ್ಣವೂ ಟ್ಯಾನಿನ್ ಎಂಬ ಒಗರಿನ ಅಂಶವೂ ರಸದಲ್ಲಿ ಇಳಿಯುವವು. ಅಡಿಕೆಯ ಒಗರಿಗೂ ಟ್ಯಾನಿನ್ನುಗಳೇ ಕಾರಣ. ಜನ್ಮವಿಡೀ ಕವಳ ಹಾಕಿದ ಬಾಯಿಗೆ ವೈನಿನ ಒಗರು ಹೊಸದಾಗಿರಲಿಲ್ಲ. ನಿಜವನ್ನು ಹೇಳುವದಾದರೆ ಅಹಿತವೂ ಆಗಲಿಲ್ಲ.

ಆದರೆ ಎರಡೂ ಕೆನ್ನೆಗಳ ಒಳಗೆ ಬೆಂಕಿ ತಾಗಿದಂತೆ ಉರಿಯಿತು. ನಾನು ಮುಖವನ್ನು ಕಿವಿಚಿದೆನು. "ವೈನು ಹೀಗೆ ಉರಿಯುವದಿಲ್ಲ ಅಪ್ಪಾ" ಎಂದು ಮಗನು ಬೆಚ್ಚಿದನು. ಒಳಗಿನಿಂದ ಮನೆಯಾಕೆಯು ಆಗ ಮಾತನಾಡಿದಳು: "ವೈನೊಂದೇ ಅಲ್ಲ ತಮಾ. ಒಂದು ವರುಷದಿಂದ ಅಪ್ಪೆಹುಳಿಯನ್ನೂ ಇವರು ಬಾಯಿಗೆ ತಾಗಿಸುವದಿಲ್ಲ. ಖಾರ ಹೆಚ್ಚಾಯಿತೆಂದು ನನ್ನನ್ನೇ ಗದರಿಸುತ್ತಾರೆ. ನಾನು ಮೆಣಸನ್ನು ಅರ್ಧಕ್ಕೆ ಇಳಿಸಿ ಆರು ತಿಂಗಳಾಯಿತು."

ವಾಚಕರೇ, ಇಲ್ಲಿ ನನ್ನ ನಿಜವಾದ ರುಚಿಗಳನ್ನು ಹೇಳಬೇಕು. ಬೇಸಿಗೆಯಲ್ಲಿ ಅಪ್ಪೆಮಿಡಿಯನ್ನು ಬೇಯಿಸಿ ಹಿಂಡಿ, ನೀರು ಬೆರೆಸಿ, ಮೆಣಸು ಸಾಸಿವೆಗಳ ಒಗ್ಗರಣೆಯನ್ನು ಕೊಟ್ಟ ಅಪ್ಪೆಹುಳಿಯನ್ನು ಊಟದ ಕೊನೆಗೆ ಲೋಟಗಟ್ಟಲೆ ಕುಡಿದು, ಮಧ್ಯಾಹ್ನದ ಒಂದು ನಿದ್ದೆಯನ್ನು ತೆಗೆಯುವದು ನಮ್ಮ ಸೀಮೆಯ ಪರಮಸುಖವು. ಮಳೆಯ ಮೊದಲು ಮಾಗುವ ಮುರುಗಲ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿಟ್ಟು ಇಳಿಸಿದ ಪಾನಕವು ಬಣ್ಣದಲ್ಲಿ ಯಾವ ವೈನಿಗೂ ಸೋಲದು. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಅದರ ರಸಾಯನವನ್ನು ವರ್ಣಿಸಲು ನನ್ನ ಲೇಖನಿಯು ಸಾಲದು. ಮಳೆಗಾಲಕ್ಕೆ ಕೊತ್ತಂಬರಿ ಜೀರಿಗೆಯ ಕಷಾಯ, ಮಿಕ್ಕ ದಿನಗಳಿಗೆ ಒಗ್ಗರಣೆಯ ಮಜ್ಜಿಗೆ. ಇವೇ ನನ್ನ ನಿತ್ಯದ ಬಿಯರು, ಇವೇ ನನ್ನ ನಿತ್ಯದ ವೈನು. ಇವುಗಳಲ್ಲಿ ಒಂದೊಂದನ್ನಾಗಿ ನಾನು ಬಿಡುತ್ತ ಬಂದಿದ್ದೆನು. ತಪ್ಪನ್ನು ಮೆಣಸಿನ ಮೇಲೆಯೂ ಮನೆಯಾಕೆಯ ಕೈಯ ಮೇಲೆಯೂ ಹೊರಿಸಿದ್ದೆನು.

ಮರುದಿನ ಮಗನು ನನ್ನನ್ನು ದಂತವೈದ್ಯರಲ್ಲಿಗೆ ಕರೆದೊಯ್ದನು. ಬಾಯಿ ತೆರೆದು ಮೂರು ಬೆರಳುಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ಹಲ್ಲುಗಳ ನಡುವೆ ಇಡಲು ವೈದ್ಯರು ಹೇಳಿದರು. ಎರಡು ಮಾತ್ರ ಹಿಡಿದವು. ಕೆನ್ನೆಯ ಒಳಗಿನ ಮೃದುವಾದ ಚರ್ಮವು ಬಿಳಿಚಿಕೊಂಡು ನಾರುಗಟ್ಟಲು ಪ್ರಾರಂಭಿಸಿದೆಯೆಂದೂ, ಇದು ಅಡಿಕೆಯನ್ನು ಅಗಿಯುವವರಿಗೆ ಬರುವ ರೋಗವೆಂದೂ, ಖಾರವು ತಾಗಿದರೆ ಉರಿಯುವದೇ ಇದರ ಮೊದಲ ಕರೆಯೆಂದೂ ತಿಳಿಸಿದರು. ನಾರುಗಟ್ಟಿದ್ದು ಮೊದಲಿನಂತಾಗುವದು ಕಷ್ಟ; ಕವಳವನ್ನು ಬಿಟ್ಟರೆ ಮುಂದುವರಿಯುವದನ್ನು ತಡೆಯಬಹುದು; ಬಿಡದಿದ್ದರೆ ಕೆಲವರಲ್ಲಿ ಅದು ಅರ್ಬುದವಾಗಿ ತಿರುಗುವದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯವನ್ನು 1988ರಲ್ಲಿಯೂ, ಅಡಿಕೆಯನ್ನು 2004ರಲ್ಲಿಯೂ ಒಂದೇ ಪಂಕ್ತಿಯಲ್ಲಿ, ಅಂದರೆ ಅರ್ಬುದವನ್ನು ತರುವದು ನಿಶ್ಚಿತವಾದ ವಸ್ತುಗಳ ಪಂಕ್ತಿಯಲ್ಲಿ, ಕುಳ್ಳಿರಿಸಿದೆ. ಬೆಳೆಗಾರರು ಅಡಿಕೆಯ ಮಾತನ್ನು ಒಪ್ಪುವದಿಲ್ಲ. ಹತ್ತು ಗುಂಟೆ ತೋಟದ ಒಡೆಯನಾದ ನನಗೂ ಒಪ್ಪಲು ಮನಸ್ಸಿರಲಿಲ್ಲ. ಆದರೆ ಎರಡೇ ಬೆರಳು ಹಿಡಿಯುವ ಬಾಯಿಂದ ಎಷ್ಟು ವಾದಿಸಲಾದೀತು?

ಬಸ್ಸಿನಲ್ಲಿ ಹಿಂದಿರುಗುವಾಗ ಇಪ್ಪತ್ತು ವರುಷಗಳ ಹಿಂದಿನ ಮಾತೊಂದು ನೆನಪಿಗೆ ಬಂದಿತು. ನನ್ನ ಶಿಷ್ಯನೊಬ್ಬನು ಒಂಬತ್ತನೆಯ ತರಗತಿಯಲ್ಲಿ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದನು. ಅವನ ತಂದೆಯು ಲಾರಿಗೆ ಮರ ತುಂಬುವ ಕೂಲಿಯವನು. ದಿನದ ಕೂಲಿಯು ದಿನವೇ ಸಾರಾಯಿ ಅಂಗಡಿಯನ್ನು ಸೇರುತ್ತಿತ್ತು. ಹುಡುಗನು ಶಾಲೆಯನ್ನು ಬಿಟ್ಟನು. ನಾನು ಅವರ ಮನೆಗೆ ಹೋಗಿ, ಅಂಗಳದ ಮೂಲೆಯಲ್ಲಿ ಕವಳವನ್ನು ಉಗುಳಿ ಬಾಯಿ ಖಾಲಿ ಮಾಡಿಕೊಂಡು, ಅರ್ಧ ಗಂಟೆ ಉಪದೇಶಿಸಿದೆನು. ಆತನು ತಲೆತಗ್ಗಿಸಿ ಎಲ್ಲವನ್ನೂ ಕೇಳಿದನು. ಕೊನೆಗೆ, "ಮಾಸ್ತರೇ, ನಿಮ್ಮ ಸಂಚಿಯನ್ನು ನೀವು ಬಿಡಿ, ನನ್ನ ಬಾಟಲಿಯನ್ನು ನಾನು ಬಿಡುತ್ತೇನೆ. ನಾಳೆಯಿಂದಲೇ" ಎಂದನು. ಅದು ಕುಚೋದ್ಯವೆಂದು ತಿಳಿದು ನಾನು ಕೋಪದಿಂದ ಎದ್ದುಬಂದೆನು. ಮನೆ ಸೇರುವ ಮೊದಲೇ ಸಂಚಿಯನ್ನು ಬಿಚ್ಚಿದ್ದೆನು. ಎರಡು ವರುಷಗಳ ಮೇಲೆ ಆತನು ತೀರಿಕೊಂಡನು. ಕುಚೋದ್ಯವಲ್ಲದೆ ನಿಜವಾದ ಒಪ್ಪಂದವೇ ಆಗಿದ್ದರೆ? ಈ ಪ್ರಶ್ನೆಯು ನನ್ನನ್ನು ಈಗಲೂ ಬಿಟ್ಟಿಲ್ಲ.

ಸರಕಾರದಿಂದ ಈ ಕೆಲಸವಾಗುವದೆಂದು ಕಾದು ಕುಳಿತುಕೊಳ್ಳುವಂತಿಲ್ಲ. ನಮ್ಮ ಜಿಲ್ಲೆಯು 1956ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದಾಗ 1949ರ ಪಾನನಿರೋಧದ ಕಾಯಿದೆಯು ಇಲ್ಲಿತ್ತು. ಆದರೆ ಕಾರವಾರದಿಂದ ಆಚೆ ಗೋವೆಯು 1961ರ ವರೆಗೆ ಪೋರ್ತುಗೀಜರ ಕೈಯಲ್ಲಿತ್ತು, ಅಲ್ಲಿ ಗೇರುಹಣ್ಣಿನ ಫೆನಿಗೆ ಬರಗಾಲವಿರಲಿಲ್ಲ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧಕ್ಕೆ ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುವದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿದರು. ಅದೇ ವರುಷ ದ್ರಾಕ್ಷಾರಸದ ಉದ್ಯಮಕ್ಕೆ ಪ್ರೋತ್ಸಾಹ ಕೊಡುವ ನೀತಿಯನ್ನೂ ತಂದರು. ಅಬಕಾರಿಯ ಸುಂಕದ ರುಚಿಯು ಖಜಾನೆಗೆ ಹಿಡಿದ ಮೇಲೆ ಬಿಡಿಸುವದು ಸುಲಭವಲ್ಲ. ಹೆಸರಿನಲ್ಲಿಯೇ ಸುಂಕವನ್ನು ಹೊತ್ತ ಊರಿನವನಾದ ನಾನು ಇದನ್ನು ಹೇಳಲು ಅರ್ಹನೆಂದು ಭಾವಿಸುವೆನು.

ಆ ರಾತ್ರಿ ಮಗನಿಗೆ ನಾನೇ ಹೇಳಿದೆನು: "ತಮಾ, ಉಪದೇಶವನ್ನು ಹಿಂದಕ್ಕೆ ತೆಗೆದುಕೊಂಡೆನು. ನಾನು ಸಂಚಿಯನ್ನು ಬಿಡುತ್ತೇನೆ. ನೀನು ಏನನ್ನು ಬಿಡಬೇಕೆಂಬದನ್ನು ನೀನೇ ವಿಚಾರಮಾಡು." ಅವನು ಆಗ ಏನೂ ಹೇಳಲಿಲ್ಲ. ಬೆಂಗಳೂರಿಗೆ ಹೊರಡುವ ದಿನ ಆ ಸೀಸೆಯನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ತೋಟದ ಬಾಳೆಯ ಬುಡಕ್ಕೆ ಸುರಿದು, ಖಾಲಿ ಸೀಸೆಯನ್ನು ತೊಳೆದು ಆಯಿಯ ಕೈಗೆ ಕೊಟ್ಟನು. ಅದರಲ್ಲಿ ಈಗ ಮುರುಗಲ ಪಾನಕವಿದೆ. ಬೆಂಗಳೂರಿನಲ್ಲಿ ಅವನು ಏನು ಮಾಡುವನೆಂದು ನಾನು ಕೇಳಿಲ್ಲ. ಕೇಳದೆಯೇ ಒಂದು ದಿನ ಅವನೇ ಹೇಳುವನೆಂಬ ನಂಬಿಗೆಯಿದೆ, ಏಕೆಂದರೆ ಮೊದಲ ಸಲವೂ ಅವನೇ ಹೇಳಿದ್ದನು.

ಕವಳವನ್ನು ಬಿಟ್ಟು ಈಗ ಏಳು ತಿಂಗಳಾದವು. ಮೊದಲನೆಯ ತಿಂಗಳಲ್ಲಿ ಊಟವಾದ ಮೇಲೆ ಕೈಯು ತಾನಾಗಿಯೇ ಸೊಂಟವನ್ನು ತಡವುತ್ತಿತ್ತು. ಮೂರು ಸಲ ಸೋತೆನು, ಮೂರು ಸಲವೂ ಮನೆಯಾಕೆಗೆ ಒಪ್ಪಿಕೊಂಡೆನು. ಉರಿಯು ಸ್ವಲ್ಪ ತಗ್ಗಿದೆ. ಮೂರನೆಯ ಬೆರಳು ಇನ್ನೂ ಹಿಡಿಯುವದಿಲ್ಲ. ವೈದ್ಯರು ಕಲಿಸಿದ ಬಾಯಿಯ ವ್ಯಾಯಾಮವನ್ನು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಮಾಡುತ್ತಿರುವೆನು.

ಮೊನ್ನೆ ಹೆದ್ದಾರಿಯ ಚಹದಂಗಡಿಯ ಮುಂದೆ ಒಂದು ಲಾರಿಯು ನಿಂತಿತು. ಇಳಿದವನು ಆ ಶಬ್ದರೂಪಗಳ ಶಿಷ್ಯನು. ಈಗ ಸ್ವಂತ ಲಾರಿಯ ಒಡೆಯನು. ಅಭ್ಯಾಸದಂತೆ ನನಗೆ ಎಲೆಯಡಿಕೆಯನ್ನು ಮುಂದೆ ಮಾಡಿದನು. ಬಿಟ್ಟಿದ್ದೇನೆಂದೆನು. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಅಪ್ಪನಿಗೆ ಇದು ಗೊತ್ತಾಗಬೇಕಾಗಿತ್ತು ಮಾಸ್ತರೇ" ಎಂದನು.

ವಾಚಕರೇ, ಈ ಪುಟವನ್ನು ಮಡಿಸುವ ಮೊದಲು ಒಂದು ಉಪಕಾರವನ್ನು ಮಾಡಿರಿ. ಮನೆಯಲ್ಲಿ ಕವಳ ಹಾಕುವವರಿದ್ದರೆ, ಬಾಯಿ ತೆರೆದು ಮೂರು ಬೆರಳುಗಳನ್ನು ಇಟ್ಟು ನೋಡಲು ಅವರಿಗೆ ಹೇಳಿರಿ. ಸಾರು ಖಾರವಾಯಿತೆಂದು ಹಿರಿಯರೊಬ್ಬರು ದಿನವೂ ಗೊಣಗುತ್ತಿದ್ದರೆ, ಸಾರಿನ ಪಾತ್ರೆಯನ್ನು ಪರೀಕ್ಷಿಸುವ ಮೊದಲು ಅವರ ಬಾಯನ್ನು ಪರೀಕ್ಷಿಸಿರಿ.