ವೈನ್ ಮಾರುವುದಕ್ಕೂ ವಿದ್ಯೆ ಬೇಕು

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮರೆಮಾಚಿದ ಬಾಟಲಿಗಳ ವೈನ್ ಸವಿದು ಅಂಕ ಕೊಟ್ಟರು. ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಪಾಲಾಯಿತು. ಆ ಸ್ಪರ್ಧೆಯನ್ನು ಏರ್ಪಡಿಸಿದ್ದ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲೆಂಡಿನವರು. ಗ್ರಾಹಕರಿಗೆ ರುಚಿ ತೋರಿಸಿ ಮಾರುತ್ತಿದ್ದ ಅವರು ವೈನ್ ಕಲಿಸುವ ಶಾಲೆಯನ್ನೂ ನಡೆಸುತ್ತಿದ್ದರು. ಜಗತ್ತಿನ ವೈನ್ ವ್ಯಾಪಾರದ ದಿಕ್ಕು ಬದಲಿಸಿದ್ದು ವಿದ್ಯೆ ಬಲ್ಲ ಒಬ್ಬ ಅಂಗಡಿಕಾರ.

ಆ ವಿದ್ಯೆಯನ್ನೇ ವೃತ್ತಿಯಾಗಿಸಿಕೊಂಡವರು ಸೊಮೆಲಿಯೆಗಳು. ಕುಡಿಯುವುದೇ ಇವರ ಕೆಲಸ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ರುಚಿ ನೋಡಿದ್ದನ್ನು ಉಗುಳುವುದೇ ಇವರ ಕ್ರಮ. ದಾಸ್ತಾನು ಎಣಿಸುವುದು, ಖರೀದಿಯ ಲೆಕ್ಕ, ಬಾಟಲಿಗಳನ್ನು ತಂಪಾಗಿಡುವುದು, ಬಾಣಸಿಗರೊಡನೆ ಕೂತು ಯಾವ ಖಾದ್ಯಕ್ಕೆ ಯಾವ ವೈನ್ ಎಂದು ನಿರ್ಧರಿಸುವುದು, ಬಡಿಸುವವರಿಗೆ ತರಬೇತಿ ಕೊಡುವುದು ಎಲ್ಲವೂ ಇವರ ಹೊಣೆ. ಅಂಗಡಿಯಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಅಲ್ಲಿ ಊಟ ಕಣ್ಣೆದುರಿಗಿರುವುದಿಲ್ಲ. ಮನೆಯ ಅಡುಗೆ ಏನು, ಕೈಯಲ್ಲಿರುವ ಹಣ ಎಷ್ಟು ಎಂಬುದನ್ನು ನಾಲ್ಕು ಮಾತಿನಲ್ಲೇ ಅರಿಯಬೇಕು. ಅತಿ ದುಬಾರಿ ಬಾಟಲಿಯನ್ನು ದಾಟಿಸುವವರು ಒಳ್ಳೆಯ ಸೊಮೆಲಿಯೆ ಆಗಲಾರರು. ಗ್ರಾಹಕರ ಜೇಬಿಗೂ ನಾಲಿಗೆಗೂ ಒಗ್ಗುವುದನ್ನು ಕೊಟ್ಟವರ ಬಳಿಗೇ ಜನ ಮರಳಿ ಬರುತ್ತಾರೆ.

ಈ ಪರಿಣತಿಗೆ ಕಠಿಣ ಪರೀಕ್ಷೆಯೂ ಇದೆ. ಮಾಸ್ಟರ್ ಸೊಮೆಲಿಯೆ ಪದವಿಗೆ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆದದ್ದು 1969ರಲ್ಲಿ. ನಾಲ್ಕು ಹಂತಗಳ ಕೊನೆಯಲ್ಲಿ, 25 ನಿಮಿಷದಲ್ಲಿ ಆರು ವೈನ್‌ಗಳ ರುಚಿ ನೋಡಿ ದ್ರಾಕ್ಷಿ ಯಾವುದು, ಯಾವ ಸೀಮೆಯದು, ಯಾವ ವರ್ಷದ್ದು ಎಂದು ಬಾಯಿಬಿಟ್ಟು ಹೇಳಬೇಕು. ಇದುವರೆಗೆ ಗೆದ್ದವರು ಮುನ್ನೂರಕ್ಕಿಂತ ಕಡಿಮೆ.

ಆದರೆ ಈ ಲೋಕದಲ್ಲಿ ಕಳಂಕಗಳೂ ಇವೆ. 2018ರಲ್ಲಿ ಅಮೆರಿಕದಲ್ಲಿ ಪರೀಕ್ಷೆಯ ವೈನ್‌ಗಳ ಮಾಹಿತಿ ಸೋರಿಕೆಯಾಗಿ, ಆಗಷ್ಟೇ ಪದವಿ ಪಡೆದಿದ್ದ 23 ಮಂದಿ ಅದನ್ನು ಕಳೆದುಕೊಂಡರು. 2020ರಲ್ಲಿ ಅಲ್ಲಿನ ಮಹಿಳೆಯರು ಹಿರಿಯ ಮಾಸ್ಟರ್‌ಗಳ ಲೈಂಗಿಕ ಕಿರುಕುಳವನ್ನು ಬಯಲಿಗೆಳೆದರು. ಪದವಿ ಕೆಲವರ ಕೈಯಲ್ಲೇ ಉಳಿದಾಗ ಅಧಿಕಾರ ಹೀಗೆ ಕೊಳೆಯುತ್ತದೆ. ಬಾಗಿಲು ತೆರೆದಷ್ಟೂ ವೃತ್ತಿಗೆ ಒಳಿತು.

ತೆರೆದರೆ ಏನಾಗುತ್ತದೆ ಎಂಬುದಕ್ಕೆ ಜಿಂಬಾಬ್ವೆಯ ನಾಲ್ವರು ಸಾಕ್ಷಿ. ತಾಯ್ನಾಡಿನ ಆರ್ಥಿಕ ಕುಸಿತದಿಂದ ಪಾರಾಗಲು ದಕ್ಷಿಣ ಆಫ್ರಿಕಾಕ್ಕೆ ವಲಸೆ ಬಂದ ಇವರು ರೆಸ್ಟೋರೆಂಟ್‌ಗಳಲ್ಲಿ ದುಡಿಯುತ್ತಲೇ ವೈನ್ ಕಲಿತರು. 2017ರಲ್ಲಿ ಫ್ರಾನ್ಸಿನ ಬರ್ಗಂಡಿಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಜಿಂಬಾಬ್ವೆಯ ತಂಡವಾಗಿ ಸೆಣಸಿದರು. ‘ಬ್ಲೈಂಡ್ ಆಂಬಿಷನ್’ ಸಾಕ್ಷ್ಯಚಿತ್ರ ಅವರದೇ ಕಥೆ. ವೈನ್ ಕುಡಿಯುವ ಮನೆತನದಲ್ಲಿ ಹುಟ್ಟಿದವರಿಗಷ್ಟೇ ಈ ರುಚಿಜ್ಞಾನ ದಕ್ಕುತ್ತದೆ ಎಂಬ ಮಾತನ್ನು ಅವರು ಸುಳ್ಳುಮಾಡಿದರು. ಭಾರತದಲ್ಲೂ ಸೋನಲ್ ಹಾಲಂಡ್ 2016ರಲ್ಲಿ ‘ಮಾಸ್ಟರ್ ಆಫ್ ವೈನ್’ ಎಂಬ ಇನ್ನೊಂದು ಉನ್ನತ ಪದವಿ ಪಡೆದ ದೇಶದ ಮೊದಲಿಗರಾದರು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬದ ದ್ರಾಕ್ಷಿ ತೋಟಕ್ಕೆ ಮೂರು ದಶಕ ಮೀರಿದೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಸರ್ಕಾರ ವೈನ್ ನೀತಿ ತಂದು, ಮಂಡಳಿ ರಚಿಸಿ ಬೆಳೆಗಾರರಿಗೆ ಬೆಂಬಲ ಕೊಟ್ಟಿದೆ. ಇಷ್ಟಾದರೂ ನಮ್ಮ ಮದ್ಯದಂಗಡಿಗಳಲ್ಲಿ ವೈನ್ ಬಾಟಲಿ ವಿಸ್ಕಿ, ರಮ್ಮಿನ ಪಕ್ಕದ ಬೆಚ್ಚಗಿನ ಕಪಾಟಿನಲ್ಲೇ ನಿಂತಿರುತ್ತದೆ. ಬಿಸಿಲಿಗೆ, ಸೆಕೆಗೆ ಅದರ ರುಚಿ ಕೆಡುತ್ತದೆ. ಕೊಂಡವರು ತೋಟವನ್ನು ದೂರುತ್ತಾರೆ. ಮಾರಾಟದ ಕಟ್ಟೆಯಲ್ಲಿನ ಅಜ್ಞಾನಕ್ಕೆ ರೈತರೂ ತಯಾರಕರೂ ಬೆಲೆ ತೆರುತ್ತಾರೆ.

ಆದ್ದರಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳು ಈ ವಿದ್ಯೆಯನ್ನು ಕನ್ನಡದಲ್ಲೂ ಕಲಿಸಲಿ. ವೈನ್ ಮಂಡಳಿ ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಭರಿಸಲಿ. ದೊಡ್ಡ ರೆಸ್ಟೋರೆಂಟ್‌ಗಳೂ ವೈನ್ ಅಂಗಡಿಗಳೂ ತರಬೇತಾದ ಒಬ್ಬರನ್ನಾದರೂ ತಕ್ಕ ಸಂಬಳ ಕೊಟ್ಟು ನೇಮಿಸಿಕೊಳ್ಳಲಿ.