ಮಕ್ಕಳ ಪಾರ್ಕಿನಲ್ಲಿ ದೊಡ್ಡವರ ಗ್ಲಾಸು

1955ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಒಳಗೆ ಬಿಯರ್ ಕೂಡ ಸಿಗುತ್ತಿರಲಿಲ್ಲ. ಮದ್ಯ ಬಂದರೆ ಅದರ ಹಿಂದೆಯೇ ಪುಂಡರೂ ಬರುತ್ತಾರೆ ಎಂಬುದು ವಾಲ್ಟ್ ಡಿಸ್ನಿಯ ಲೆಕ್ಕಾಚಾರ. ಆತನೇನೂ ಮಡಿವಂತನಲ್ಲ, ಕೆಲಸ ಮುಗಿದ ಮೇಲೆ ಸ್ಕಾಚ್ ಕುಡಿಯುತ್ತಿದ್ದವನೇ. ಹಾಗಾಗಿ ಆ ನಿಷೇಧದಲ್ಲಿದ್ದದ್ದು ಪಾಪಪುಣ್ಯದ ಮಾತಲ್ಲ; ಆಗಿನ ಅಮೆರಿಕದ ಮನರಂಜನಾ ಪಾರ್ಕುಗಳಿಗೆ ಅಂಟಿಕೊಂಡಿದ್ದ ಕೆಟ್ಟ ಹೆಸರಿನಿಂದ ದೂರ ಉಳಿಯುವ ವ್ಯಾಪಾರಿಯ ಜಾಣತನ. ತಮಾಷೆಯೆಂದರೆ, ಡಿಸ್ನಿ ಹೋಗಿ ನೋಡಿ ಮೆಚ್ಚಿ ಬಂದ ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನದಲ್ಲಿ ಊಟದ ಜೊತೆ ಬಿಯರ್, ವೈನ್ ಸಿಗುತ್ತಿತ್ತು. 1843ರಿಂದ ನಡೆಯುತ್ತಿರುವ ಆ ಉದ್ಯಾನ ಮಕ್ಕಳದ್ದೂ ಹೌದು, ಅಜ್ಜ ಅಜ್ಜಿಯರದ್ದೂ ಹೌದು. ಹಾಗಾದರೆ ಪುಂಡಾಟ ತರುವುದು ಮದ್ಯವೋ, ಅದನ್ನು ಮಾರುವ ರೀತಿಯೋ? ರೀತಿಯೇ ಎನ್ನುವುದು ನನ್ನ ವಾದ.

ಇದಕ್ಕೆ ಸಾಕ್ಷಿ ಡಿಸ್ನಿಯ ಅಂಗಳದಲ್ಲೇ ಸಿಗುತ್ತದೆ. 1992ರಲ್ಲಿ ಪ್ಯಾರಿಸ್ಸಿನ ಪಕ್ಕ ತೆರೆದ ಪಾರ್ಕು ಊಟಕ್ಕೆ ವೈನ್ ಕೊಡುವುದಿಲ್ಲ ಎಂದಾಗ ಫ್ರೆಂಚರು ಆಡಿಕೊಂಡರು. ಮರುವರ್ಷವೇ ನಿಯಮ ಸಡಿಲಾಯಿತು. ಫ್ಲಾರಿಡಾದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕು ಮಾತ್ರ 2012ರವರೆಗೆ ಹಟ ಬಿಡಲಿಲ್ಲ. ಆಮೇಲೂ ಅಲ್ಲಿ ಮೊದಲು ಸಿಕ್ಕಿದ್ದು ಒಂದೇ ರೆಸ್ಟೋರೆಂಟಿನಲ್ಲಿ, ರಾತ್ರಿಯೂಟದ ಜೊತೆಗೆ ಬಿಯರ್ ಮತ್ತು ವೈನ್ ಮಾತ್ರ. 2018ರ ಹೊತ್ತಿಗೆ ಟೇಬಲ್ಲಿಗೆ ಬಡಿಸುವ ಎಲ್ಲ ರೆಸ್ಟೋರೆಂಟುಗಳಿಗೂ ಅದು ಹಬ್ಬಿತು. ಪುಂಡರ ದಂಡೇನೂ ನುಗ್ಗಲಿಲ್ಲ. ಕೂತು ಉಣ್ಣುವ ಕಡೆ ಗ್ಲಾಸಿಗೆ ತನ್ನದೇ ಕಡಿವಾಣವಿರುತ್ತದೆ: ತಟ್ಟೆ ಎದುರಿಗಿದೆ, ಮಗು ಪಕ್ಕದಲ್ಲಿದೆ, ಎರಡನೆಯದಕ್ಕೆ ವೇಟರ್ ಬರಲೇಬೇಕು, ಮುಗಿದರೆ ಬಿಲ್ಲು ಬರುತ್ತದೆ. ಅಲ್ಲೇ ಇರುವ ಅದೇ ಕಂಪನಿಯ ಇನ್ನೊಂದು ಪಾರ್ಕು ಎಪ್ಕಾಟ್‌ನಲ್ಲಿ ಚಿತ್ರವೇ ಬೇರೆ. ಅಲ್ಲಿ ಕೆರೆಯೊಂದರ ಸುತ್ತ 11 ದೇಶಗಳ ಮಂಟಪಗಳಿವೆ. ಮೆಕ್ಸಿಕೋದಲ್ಲಿ ಮಾರ್ಗರೀಟಾ, ಜರ್ಮನಿಯಲ್ಲಿ ಬಿಯರ್, ಜಪಾನಿನಲ್ಲಿ ಸಾಕೆ ಎಂದು ದೇಶಕ್ಕೊಂದರಂತೆ ಕುಡಿಯುತ್ತಾ ಸುತ್ತು ಹಾಕುವುದೇ ಒಂದು ಆಟವಾಗಿಬಿಟ್ಟಿದೆ. ಕುಡಿದು ಮುಗಿಸಿದ ದೇಶಕ್ಕೆ ಟಿಕ್ ಹಾಕಿಕೊಳ್ಳುವ ಟೀ ಶರ್ಟುಗಳೂ ಇವೆ. ಫ್ಲಾರಿಡಾದ ಬಿಸಿಲಲ್ಲಿ ಹನ್ನೊಂದು ಗ್ಲಾಸು! ಇಲ್ಲಿ ಮದ್ಯ ಊಟದ ಜೊತೆಗಾರನಲ್ಲ, ತಾನೇ ಒಂದು ರೈಡು. ವಾಲ್ಟ್ ಹೆದರಿದ್ದು ಇದಕ್ಕೇ, ಮತ್ತು ಆ ಹೆದರಿಕೆ ಸರಿಯಾಗಿಯೇ ಇತ್ತು.

ಒಂದು ದಿನ ಕುಡಿಯದೆ ಇರಲಾಗದೇ ಎಂದು ಕೇಳುವವರಿದ್ದಾರೆ. ಇರಬಹುದು. ಐಸ್‌ಕ್ರೀಮ್ ಇಲ್ಲದೆಯೂ ಇರಬಹುದು. ಇರಲಾಗುತ್ತದೆ ಎಂಬುದು ನಿಷೇಧಕ್ಕೆ ಕಾರಣವಾಗುವುದಿಲ್ಲ. ಟಿಕೆಟ್ಟಿನ ದುಡ್ಡು ಕೊಟ್ಟು, ದಿನವಿಡೀ ಕ್ಯೂನಲ್ಲಿ ನಿಂತ ಅಪ್ಪ ಅಮ್ಮನೂ ಅಲ್ಲಿ ಅತಿಥಿಗಳೇ. ಮಕ್ಕಳ ಕಣ್ಣೆದುರೇ ಕುಡಿಯಬೇಕೆ ಎಂಬ ಮಾತು ಇದಕ್ಕಿಂತ ಗಟ್ಟಿ. ನಮ್ಮ ಕಡೆ ಕುಡಿತವೆಂದರೆ ಮಂದ ಬೆಳಕಿನ ಬಾರು, ಇಲ್ಲವೇ ರಾತ್ರಿ ತೂರಾಡುತ್ತಾ ಮನೆಗೆ ಬರುವ ಗಂಡಸು. ನಡುವಿನದನ್ನು ಮಗು ನೋಡುವುದು ಅಪರೂಪ. ಒಂದು ಗ್ಲಾಸ್ ವೈನ್ ಕುಡಿದು, ಸಾಕೆಂದು ಎದ್ದು ಬರುವ ಅಮ್ಮನನ್ನು ನೋಡಿ ಮಗು ಕೆಡುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ಹಾಗೆಂದು ಅದು ಒಳ್ಳೆಯ ಪಾಠ ಎಂದೂ ಹೇಳುತ್ತಿಲ್ಲ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಇನ್ನು ಕಂಪನಿಗಳು ಮದ್ಯ ತರುವುದು ದೊಡ್ಡವರ ಮೇಲಿನ ಪ್ರೀತಿಯಿಂದಲ್ಲ, ಲಾಭಕ್ಕಾಗಿ. ಆದ್ದರಿಂದಲೇ ಮಿತಿಯನ್ನು ಗಿರಾಕಿಯ ವಿವೇಕಕ್ಕೆ ಮಾತ್ರ ಬಿಡದೆ ಮಾರಾಟದಲ್ಲೇ ಕಟ್ಟಿಹಾಕಬೇಕು. 2019ರಲ್ಲಿ ಡಿಸ್ನಿಲ್ಯಾಂಡಿನೊಳಗೆ ಸಾರ್ವಜನಿಕರಿಗೆ ಮೊದಲ ಬಾರಿಗೆ ಮದ್ಯ ಮಾರಿದ ಓಗಾಸ್ ಕ್ಯಾಂಟೀನಾದಲ್ಲಿ ತಲೆಗೆ ಎರಡೇ ಡ್ರಿಂಕ್ಸ್. ಗ್ಲಾಸು ಹಿಡಿದು ಹೊರಗೆ ಬರುವ ಹಾಗಿಲ್ಲ. ಈ ನಿಯಮವನ್ನು ಎಪ್ಕಾಟ್‌ಗೂ ಒಯ್ದರೆ ಒಳ್ಳೆಯದು.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ರಸ್ತೆ. ಫ್ಲಾರಿಡಾದ ಡಿಸ್ನಿ ಹೋಟೆಲುಗಳಿಗೆ ಪಾರ್ಕಿನಿಂದಲೇ ಬಸ್ಸಿದೆ. ಕುಡಿದವರು ಸ್ಟೀರಿಂಗ್ ಮುಟ್ಟಬೇಕಿಲ್ಲ. ನಮ್ಮ ಬಿಡದಿಯ ವಂಡರ್‌ಲಾ ಪಾರ್ಕಿನ ಕಥೆ ಹಾಗಲ್ಲ. ಅಲ್ಲಿ ಮದ್ಯಕ್ಕೆ ಪ್ರವೇಶವಿಲ್ಲ, ಕುಡಿದು ಬಂದವರಿಗೂ ಇಲ್ಲ. ಅಲ್ಲಿ ಅರ್ಧ ದಿನ ನೀರಾಟ. ಸಂಜೆ ಪಾರ್ಕು ಮುಚ್ಚಿದೊಡನೆ ಎಷ್ಟೋ ಕುಟುಂಬಗಳು ತಮ್ಮದೇ ಕಾರಿನಲ್ಲಿ ಬೆಂಗಳೂರಿನ ದಾರಿ ಹಿಡಿಯುತ್ತವೆ. ಕೂತು ಉಣ್ಣುವ ಟೇಬಲ್ಲಿನ ಪರವಾಗಿ ನಾನು ಹೇಳಿದ ಯಾವ ಮಾತೂ ಆ ಕಾರು ಓಡಿಸುವವರಿಗೆ ಅನ್ವಯಿಸದು. ಅಲ್ಲಿಯ ನಿಯಮ ಸದ್ಯಕ್ಕೆ ಹಾಗೇ ಇರಲಿ.